ಮುಂದೋಳು, ಮೂಳೆ ಮತ್ತು ಮುಂದಿನ ರೇಸು

2021ರ ಮೇ 2. ಸ್ಪೇನಿನ ಹೆರೆಸ್ ಟ್ರ್ಯಾಕಿನಲ್ಲಿ ಮೋಟೊಜಿಪಿ, ಅಂದರೆ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ನಡೆಯುವ ಬೈಕ್ ರೇಸು. ಯಮಾಹಾದ ಫ್ಯಾಬಿಯೊ ಕ್ವಾರ್ಟರಾರೊ ಎಲ್ಲರಿಗಿಂತ ಮುಂದಿದ್ದರು. ಅರ್ಧ ರೇಸು ದಾಟಿದ ಮೇಲೆ ಉಳಿದವರು ಒಬ್ಬೊಬ್ಬರಾಗಿ ಅವರನ್ನು ಹಿಂದೆ ಹಾಕತೊಡಗಿದರು. ಕೊನೆಗೆ ಅವರಿಗೆ ಸಿಕ್ಕಿದ್ದು 13ನೇ ಸ್ಥಾನ. ಬೈಕು ಸರಿಯಾಗಿತ್ತು, ಟೈರೂ ಸರಿಯಾಗಿತ್ತು. ಬಲಗೈಯಲ್ಲಿ ಬ್ರೇಕ್ ಹಿಡಿಯುವ ಶಕ್ತಿಯೇ ಉಳಿದಿರಲಿಲ್ಲ. ಅಂದು ಗೆದ್ದ ಜ್ಯಾಕ್ ಮಿಲ್ಲರ್ ಕೆಲವೇ ವಾರಗಳ ಹಿಂದೆ ಇದೇ ತೊಂದರೆಗೆ ಬಲಗೈ ಆಪರೇಷನ್ ಮಾಡಿಸಿಕೊಂಡು ಬಂದಿದ್ದರು.

ರೇಸರುಗಳು ಇದನ್ನು ‘ಆರ್ಮ್ ಪಂಪ್’ ಎನ್ನುತ್ತಾರೆ. ನಮ್ಮ ಮುಂದೋಳಿನ ಸ್ನಾಯುಗಳು ಕಟ್ಟುಕಟ್ಟಾಗಿ, ಫೇಸಿಯಾ ಎಂಬ ಗಟ್ಟಿ ಪೊರೆಯ ಚೀಲಗಳೊಳಗೆ ಕೂತಿರುತ್ತವೆ. ಎಡೆಬಿಡದೆ ದುಡಿಯುವ ಸ್ನಾಯುವಿಗೆ ರಕ್ತ ನುಗ್ಗಿ ಅದರ ಗಾತ್ರ ಶೇ. 20ರವರೆಗೂ ಹೆಚ್ಚಬಹುದು. ಪೊರೆ ಮಾತ್ರ ಹಿಗ್ಗುವುದಿಲ್ಲ. ಬಟ್ಟೆಯ ಚೀಲಕ್ಕೆ ಕಡಲೆಕಾಳು ತುಂಬಿ, ಬಾಯಿ ಹೊಲಿದು ನೀರಿಗೆ ಹಾಕಿದ ಹಾಗೆ: ಕಾಳು ಉಬ್ಬುತ್ತದೆ, ಚೀಲ ಬಿಗಿಯುತ್ತದೆ. ಒಳಗಿನ ಒತ್ತಡ ಏರಿದಂತೆ ಸಣ್ಣ ರಕ್ತನಾಳಗಳು ಅದುಮಿಕೊಳ್ಳುತ್ತವೆ, ಸ್ನಾಯುವಿಗೆ ಆಮ್ಲಜನಕ ಸಾಲದಾಗುತ್ತದೆ. ಮೊದಲು ತೋಳು ಕಲ್ಲಿನಂತೆ ಗಟ್ಟಿಯಾಗುತ್ತದೆ, ಆಮೇಲೆ ಬೆರಳು ಜೋಮು ಹಿಡಿಯುತ್ತವೆ, ಕೊನೆಗೆ ಬ್ರೇಕನ್ನು ಎಷ್ಟು ಒತ್ತಿದ್ದೇನೆ ಎಂಬ ಅಂದಾಜೇ ತಪ್ಪುತ್ತದೆ. ರೇಸು ಮುಗಿದ ಅರ್ಧ ಗಂಟೆಗೆ ಎಲ್ಲ ಮಾಯ. ಹಾಗಾಗಿ ಇದನ್ನು ಪತ್ತೆ ಹಚ್ಚುವುದು ಕಷ್ಟ. ಸ್ನಾಯುವಿನೊಳಗೆ ಸೂಜಿ ಇಳಿಸಿ ಒತ್ತಡ ಅಳೆಯುವುದೇ ನಿಖರ ದಾರಿ: ವಿಶ್ರಾಂತಿಯಲ್ಲಿ 15, ವ್ಯಾಯಾಮ ನಿಲ್ಲಿಸಿದ ಒಂದು ನಿಮಿಷಕ್ಕೆ 30, ಐದು ನಿಮಿಷಕ್ಕೆ 20 ಮಿಲಿಮೀಟರ್ ಪಾದರಸ. ಇವುಗಳಲ್ಲಿ ಯಾವುದನ್ನು ಮುಟ್ಟಿದರೂ ವೈದ್ಯರು ತೊಂದರೆ ಇದೆ ಎಂದು ತೀರ್ಮಾನಿಸುತ್ತಾರೆ.

ಹೆಚ್ಚಾಗಿ ಬಲಗೈಗೇ ಏಕೆ? ಮೋಟೊಜಿಪಿ ಬೈಕಿನಲ್ಲಿ ಕ್ಲಚ್ ಬೇಕಾಗುವುದು ಹೊರಡುವಾಗ ಮಾತ್ರ ಎನ್ನಬಹುದು. ಆದ್ದರಿಂದ ಎಡಗೈಗೆ ಅಷ್ಟು ದುಡಿಮೆಯಿಲ್ಲ. ಬಲಗೈ ಥ್ರಾಟಲನ್ನೂ ತಿರುವಬೇಕು, ಮುಂದಿನ ಬ್ರೇಕನ್ನೂ ಹಿಡಿಯಬೇಕು. ಲಿವರಿನ ಮೇಲೆ ಪ್ರತಿ ಸಲ ಐದಾರು ಕಿಲೋ ಒತ್ತಡ ಎಂದಿಟ್ಟುಕೊಳ್ಳಿ. ಪ್ರತಿ ಸುತ್ತಿನಲ್ಲಿ ಹತ್ತು ಸಲ, ಒಟ್ಟು 25 ಸುತ್ತು. ಒಟ್ಟು ಸೇರಿಸಿದರೆ ಎರಡು ಬೆರಳು ಒಂದು ಟನ್ನಿಗೂ ಮೀರಿ ಒತ್ತಿದ ಲೆಕ್ಕ. ಆಗ ಮೈಮೇಲೆ ಬೀಳುವ ಭಾರ ಬೇರೆ. ಗಂಟೆಗೆ 340 ಕಿ.ಮೀ. ವೇಗ ಐದು ಸೆಕೆಂಡಿನಲ್ಲಿ 100ಕ್ಕೆ ಇಳಿದರೆ, ಅದು ಗುರುತ್ವದ ಸುಮಾರು 1.4 ಪಟ್ಟು. ಸೂಟು, ಹೆಲ್ಮೆಟ್ ಸೇರಿ 75 ಕಿಲೋ ತೂಗುವ ರೇಸರನ್ನು ನೂರು ಕಿಲೋ ಮೂಟೆಯೊಂದು ಬೆನ್ನಿನಿಂದ ಹ್ಯಾಂಡಲಿನ ಕಡೆಗೆ ನೂಕಿದಂತೆ. ಎದೆಗೆ ಬಡಿಯುವ ಗಾಳಿ ಒಂದಿಷ್ಟನ್ನು ತಡೆಯುತ್ತದೆ. ಮಿಕ್ಕಿದ್ದನ್ನು ತೊಡೆಗಳು ತಡೆಯಬೇಕು. ತಡೆಯದಿದ್ದರೆ ಅಷ್ಟೂ ಕೈಗೆ ಬರುತ್ತದೆ.

ಇಲ್ಲಿ ಬಹಳ ಮಂದಿ ತಪ್ಪು ತಿಳಿಯುತ್ತಾರೆ. ಕೈ ಸೋಲುತ್ತಿದೆ ಎಂದು ಜಿಮ್ಮಿನಲ್ಲಿ ಮುಂದೋಳನ್ನು ದಪ್ಪ ಮಾಡಿದರೆ, ಹಿಗ್ಗದ ಚೀಲಕ್ಕೆ ಇನ್ನಷ್ಟು ಕಾಳು ತುಂಬಿದಂತಾಗುತ್ತದೆ. ಅನುಭವಿ ತರಬೇತುದಾರರು ಕೈ ಬಿಟ್ಟು ತೊಡೆ, ಹೊಟ್ಟೆ, ಬೆನ್ನಿನ ಕೆಳಭಾಗದ ಕಡೆ ಗಮನ ಕೊಡುತ್ತಾರೆ. ಬ್ರೇಕ್ ಹಿಡಿಯುವಾಗ ಮಂಡಿಗಳಿಂದ ಟ್ಯಾಂಕನ್ನು ಕಚ್ಚಿ ಹಿಡಿದರೆ ಕೈ ಹಗುರವಾಗುತ್ತದೆ. ಟ್ಯಾಂಕಿನ ಪಕ್ಕಕ್ಕೆ ಅಂಟಿಸುವ ಒರಟು ರಬ್ಬರ್ ಪ್ಯಾಡು ಅದಕ್ಕೇ. ಬ್ರೇಕ್ ಲಿವರಿನ ಎತ್ತರವೂ ಮುಖ್ಯ. ಮಣಿಕಟ್ಟು ಮೇಲಕ್ಕೆ ಮಡಚಿಕೊಂಡೇ ಇರುವಂತೆ ಕೂರಿಸಿದ್ದರೆ ಮುಂದೋಳಿಗೆ ಬಿಡುವೇ ಸಿಗುವುದಿಲ್ಲ. ಬೆಂಗಳೂರಿನಿಂದ ಮಡಿಕೇರಿಗೆ ಬೈಕಿನಲ್ಲಿ ಹೋಗುವಾಗ ಬೆರಳು ಜೋಮು ಹಿಡಿಯುವವರು ಕೂಡ ಈ ಎರಡನ್ನು ಸರಿಪಡಿಸಿಕೊಂಡು ನೋಡಬಹುದು.

ಇಷ್ಟಕ್ಕೂ ಬಗ್ಗದಿದ್ದರೆ ಫೇಸಿಯಾ ಪೊರೆಯನ್ನು ಉದ್ದಕ್ಕೆ ಸೀಳಿ ಸ್ನಾಯುವಿಗೆ ಜಾಗ ಮಾಡಿಕೊಡುತ್ತಾರೆ. ಗಾಯ ಮಾಯ್ದ ಜಾಗ ಮತ್ತೆ ಬಿಗಿಯಾಗಬಹುದು ಎಂಬುದೇ ಇದರ ತೊಡಕು. ಕ್ವಾರ್ಟರಾರೊ 2019ರಲ್ಲೇ ಒಮ್ಮೆ ಈ ಆಪರೇಷನ್ ಮಾಡಿಸಿಕೊಂಡಿದ್ದರು! ಹೆರೆಸ್ ರೇಸಿನ ಬೆನ್ನಿಗೇ ಮತ್ತೆ ಮಾಡಿಸಿಕೊಂಡು, ಮುಂದಿನ ರೇಸಿನಲ್ಲಿ ಮೂರನೆಯವರಾಗಿ, ಆ ವರ್ಷ ವಿಶ್ವ ಚಾಂಪಿಯನ್ ಆದರು. 2015ರಲ್ಲಿ ಡಾನಿ ಪೆಡ್ರೊಸಾ ಇದೇ ಚಿಕಿತ್ಸೆಗಾಗಿ ಮೂರು ರೇಸುಗಳನ್ನು ಬಿಟ್ಟುಕೊಟ್ಟರು, ಅದೇ ವರ್ಷದ ಕೊನೆಯಲ್ಲಿ ಎರಡು ರೇಸು ಗೆದ್ದರು. ಹೋಲಿಸಿದರೆ ಇದು ಸಣ್ಣ ಗಾಯ. ಸ್ನಾಯು ಬೇಗ ಮಾಯುತ್ತದೆ. ಮೂಳೆಯದು ಬೇರೆಯೇ ಲೆಕ್ಕ.

ಟ್ರ್ಯಾಕಿನಲ್ಲಿ ಬೀಳುವುದರಲ್ಲಿ ಎರಡು ಬಗೆ. ತಿರುವಿನಲ್ಲಿ ಮುಂದಿನ ಟೈರು ಜಾರಿದರೆ ಬೈಕು ವಾಲಿದ ಬದಿಗೇ ಮಲಗುತ್ತದೆ, ರೇಸರು ಅದರ ಹಿಂದೆ ಜಾರಿಕೊಂಡು ಹೋಗುತ್ತಾರೆ. ಮೊದಲೇ ನೆಲಕ್ಕೆ ಹತ್ತಿರವಿರುವುದರಿಂದ ಎಷ್ಟೋ ಸಲ ಎದ್ದು ಮಣ್ಣು ಕೊಡವಿಕೊಂಡು ನಡೆಯುವುದುಂಟು. ಇದು ‘ಲೋಸೈಡ್’. ‘ಹೈಸೈಡ್’ ಹಾಗಲ್ಲ. ತಿರುವಿನಿಂದ ಹೊರಬರುತ್ತ ಥ್ರಾಟಲ್ ಜಾಸ್ತಿಯಾಗಿ ಹಿಂದಿನ ಟೈರು ಪಕ್ಕಕ್ಕೆ ಜಾರುತ್ತದೆ. ರೇಸರು ಬೆಚ್ಚಿ ಥ್ರಾಟಲ್ ಬಿಟ್ಟರೆ ಟೈರು ದಿಢೀರನೆ ನೆಲ ಕಚ್ಚುತ್ತದೆ. ವಾಲಿದ್ದ ಬೈಕು ಕವಣೆಯಂತೆ ನೆಟ್ಟಗೆ ಸಿಡಿದು ರೇಸರನ್ನು ಮೇಲಕ್ಕೆಸೆಯುತ್ತದೆ. ಕೆಳಗೆ ಬೀಳುವಾಗ ಕೈ ತಾನಾಗಿ ಮುಂದೆ ಚಾಚುತ್ತದೆ. ಏಟು ಅಂಗೈಯಿಂದ ಮಣಿಕಟ್ಟಿಗೆ, ಅಲ್ಲಿಂದ ತೋಳಿಗೆ, ಭುಜಕ್ಕೆ ಏರುತ್ತದೆ. ತೋಳನ್ನು ಎದೆಗೂಡಿಗೆ ಸೇರಿಸುವ ಮೂಳೆ ಕಾಲರ್ ಬೋನ್ ಒಂದೇ. ಎಸ್ ಆಕಾರದಲ್ಲಿ ಬಾಗಿರುವ ಅದು ನಡುವೆ ಮುರಿಯುತ್ತದೆ. ರೇಸರುಗಳಲ್ಲಿ ಇದು ತೀರಾ ಸಾಮಾನ್ಯ.

ಈ ಏಟು ತಗ್ಗಿಸಲೆಂದೇ 2018ರಿಂದ ಸೂಟಿನೊಳಗೆ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಸೂಟಿನಲ್ಲಿರುವ ಸೆನ್ಸರುಗಳು ಮೈ ತಿರುಗುವ, ಉರುಳುವ ರೀತಿಯನ್ನು ಸದಾ ಗಮನಿಸುತ್ತಿದ್ದು, ಬೀಳುವುದು ಖಚಿತವಾದೊಡನೆ ಗ್ಯಾಸ್ ಬಿಡುತ್ತವೆ. ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ಭುಜ, ಕಾಲರ್ ಬೋನ್ ಸುತ್ತ ಚೀಲ ಉಬ್ಬಿರುತ್ತದೆ, ಅಂದರೆ ರೇಸರು ಇನ್ನೂ ಗಾಳಿಯಲ್ಲಿರುವಾಗಲೇ. ಇದರಿಂದ ಭುಜ ಉಳಿದೀತು, ಮಣಿಕಟ್ಟು ಉಳಿಯದು. ಮಣಿಕಟ್ಟಿನ ಹೆಬ್ಬೆರಳ ಬದಿಯ ಸ್ಕೇಫಾಯ್ಡ್ ಎಂಬ ಗೋಡಂಬಿಯಂಥ ಪುಟ್ಟ ಮೂಳೆಗೆ ರಕ್ತ ಬೆರಳ ತುದಿಯ ಕಡೆಯಿಂದ ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಒಳತುಂಡಿಗೆ ರಕ್ತವೇ ತಲುಪದೆ ಅದು ಕೂಡದಿರಬಹುದು. ಇನ್ನು, ಬಿದ್ದವರಿಗೆ ಹಿಂದಿನಿಂದ ಬಂದ ಬೈಕು ಬಡಿದರೆ ಏರ್‌ಬ್ಯಾಗ್ ಹೆಚ್ಚೇನೂ ಮಾಡಲಾರದು. 2025ರ ಏಪ್ರಿಲಿನಲ್ಲಿ ಕತಾರ್‌ನಲ್ಲಿ ಬಿದ್ದ ಆಗಿನ ಚಾಂಪಿಯನ್ ಹೋರ್ಹೆ ಮಾರ್ಟಿನ್ ಅವರಿಗೆ ಹೀಗೆ ಏಟಾಗಿ, ಪಕ್ಕೆಲುಬುಗಳಲ್ಲಿ 11 ಕಡೆ ಮುರಿತವಾಗಿ, ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡಿತು.

ಮುರಿದ ಮೂಳೆ ಕೂಡುವುದಕ್ಕೆ ತನ್ನದೇ ಕ್ರಮವಿದೆ. ಮೊದಲ ದಿನಗಳಲ್ಲಿ ಮುರಿದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರಕ್ಕೆ ಅಲ್ಲಿ ಮೆತ್ತನೆಯ ಬೆಸುಗೆ ಮೂಡುತ್ತದೆ. ಆರರಿಂದ ಹನ್ನೆರಡು ವಾರಕ್ಕೆ ಅದು ಗಟ್ಟಿಯಾಗುತ್ತದೆ. ಪ್ಲೇಟು, ಸ್ಕ್ರೂ ಹಾಕಿದರೆ ಈ ಅವಧಿ ಕಡಿಮೆಯಾಗುತ್ತದೆ ಎಂದುಕೊಂಡವರು ಬಹಳ. ಪ್ಲೇಟು ಮೂಳೆಯನ್ನು ಅಲುಗದಂತೆ ಹಿಡಿದಿಡುತ್ತದೆ, ಅಷ್ಟೇ. ಮೂಳೆ ಕೂಡುವ ಮೊದಲೇ ಭಾರ ಬಿದ್ದರೆ, ಆ ಭಾರವೆಲ್ಲ ಲೋಹದ ಮೇಲೆ. ಸೆಂಟ್ರಿಂಗ್ ಕೆಲಸದವರು ಕಟ್ಟುತಂತಿಯನ್ನು ಹಿಂದೆ ಮುಂದೆ ನಾಲ್ಕು ಸಲ ಬಗ್ಗಿಸಿ ತುಂಡು ಮಾಡುತ್ತಾರಲ್ಲ, ಹಾಗೆ ಲೋಹವೂ ದಣಿಯುತ್ತದೆ. ಮೋಟೊಜಿಪಿಯಲ್ಲೋ ಒಂದು ರೇಸಿಗೂ ಇನ್ನೊಂದಕ್ಕೂ ನಡುವೆ ಸಾಮಾನ್ಯವಾಗಿ ಒಂದು ವಾರ, ಇಲ್ಲವೇ ಎರಡು ಮೂರು.

2013ರಲ್ಲಿ ನೆದರ್ಲೆಂಡ್ಸಿನ ಆಸೆನ್‌ನಲ್ಲಿ ಹೋರ್ಹೆ ಲೊರೆಂಜೊ ಗುರುವಾರ ಬಿದ್ದು ಎಡ ಕಾಲರ್ ಬೋನ್ ಮುರಿದುಕೊಂಡರು. ರಾತ್ರಿ ಬಾರ್ಸಿಲೋನಾಕ್ಕೆ ಹಾರಿ ಪ್ಲೇಟು ಹಾಕಿಸಿಕೊಂಡು, ಶನಿವಾರ ರೇಸಿಗಿಳಿದು ಐದನೆಯವರಾದರು. ಸಿಕ್ಕಿದ್ದು 11 ಪಾಯಿಂಟು. ಎರಡು ವಾರದ ಮೇಲೆ ಜರ್ಮನಿಯಲ್ಲಿ ಮತ್ತೆ ಬಿದ್ದಾಗ ಪ್ಲೇಟು ಬಗ್ಗಿತು, ಆ ರೇಸು ತಪ್ಪಿತು. ವರ್ಷದ ಕೊನೆಗೆ ಚಾಂಪಿಯನ್‌ಶಿಪ್ ಕೈತಪ್ಪಿದ್ದು ನಾಲ್ಕು ಪಾಯಿಂಟಿನಿಂದ. 1992ರಲ್ಲಿ ಅದೇ ಆಸೆನ್‌ನಲ್ಲಿ ಬಲಗಾಲು ಮುರಿದುಕೊಂಡ ಮಿಕ್ ಡೂಹನ್ ಕೂಡ ಸೋತದ್ದು ನಾಲ್ಕೇ ಪಾಯಿಂಟಿನಿಂದ. ರಕ್ತ ಹರಿಯದೆ ಕಾಲನ್ನೇ ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದ ಅವರ ಎರಡೂ ಕಾಲುಗಳನ್ನು ಡಾ. ಕ್ಲಾಡಿಯೊ ಕೋಸ್ಟಾ ಒಂದಕ್ಕೊಂದು ಹೊಲಿದು, ಎಡಗಾಲಿನ ರಕ್ತದಿಂದ ಬಲಗಾಲನ್ನು ಉಳಿಸಿದರು. ಪಾದ ಮೊದಲಿನಂತೆ ಆಡದ್ದರಿಂದ ಹಿಂದಿನ ಬ್ರೇಕನ್ನು ಎಡಗೈ ಹೆಬ್ಬೆರಳಿನಿಂದ ಒತ್ತುವ ಲಿವರ್ ಮಾಡಿಸಿಕೊಂಡ ಡೂಹನ್, 1994ರಿಂದ 1998ರವರೆಗೆ ಸತತ ಐದು ಸಲ ಚಾಂಪಿಯನ್ ಆದರು. ಆ ಹೆಬ್ಬೆರಳ ಬ್ರೇಕನ್ನು ಇಂದು ಕಾಲು ಸರಿಯಿರುವ ರೇಸರುಗಳೂ ಬಳಸುತ್ತಾರೆ, ಏಕೆಂದರೆ ಪೂರ್ತಿ ಬಲಕ್ಕೆ ವಾಲಿದಾಗ ಪೆಡಲಿಗೆ ಪಾದ ಎಟಕುವುದು ಯಾರಿಗಾದರೂ ಕಷ್ಟವೇ.

ನಾಲ್ಕು ಪಾಯಿಂಟಿನ ಈ ಲೆಕ್ಕ ಪ್ರತಿಯೊಬ್ಬ ರೇಸರಿನ ತಲೆಯಲ್ಲಿ ಇರುತ್ತದೆ. 2020ರ ಜುಲೈ 19ರಂದು ಹೆರೆಸ್‌ನಲ್ಲಿ ಬಿದ್ದ ಆಗಿನ ವಿಶ್ವ ಚಾಂಪಿಯನ್ ಮಾರ್ಕ್ ಮಾರ್ಕೆಸ್ ಅವರ ಬಲತೋಳಿನ ಹ್ಯೂಮರಸ್ ಮೂಳೆ ಮುರಿಯಿತು. 21ಕ್ಕೆ ಆಪರೇಷನ್: ಟೈಟಾನಿಯಂ ಪ್ಲೇಟು, 12 ಸ್ಕ್ರೂ. 25ಕ್ಕೆ ಮತ್ತೆ ಬೈಕಿನ ಮೇಲೆ! ಅಂದೇ ನೋವು ತಾಳದೆ ಬಿಟ್ಟುಕೊಟ್ಟರು. ಕೆಲವು ದಿನಗಳ ಬಳಿಕ ಮನೆಯಲ್ಲಿ ದೊಡ್ಡ ಕಿಟಕಿಯೊಂದನ್ನು ತೆರೆಯುವಾಗ ಪ್ಲೇಟು ಮುರಿಯಿತು. ಕಿಟಕಿ ತೆರೆಯುವ ಬಲಕ್ಕೆ ಟೈಟಾನಿಯಂ ಮುರಿಯುವುದಿಲ್ಲ. ಬೈಕಿನ ಮೇಲೆಯೇ ದಣಿದಿದ್ದ ಲೋಹಕ್ಕೆ ಅದು ಕೊನೆಯ ಎಳೆತವಾಯಿತು ಎನ್ನುವುದೇ ನನಗೆ ಸರಿ ಕಾಣುತ್ತದೆ. ಆಗಸ್ಟಿನಲ್ಲಿ ಎರಡನೇ ಆಪರೇಷನ್. ಆದರೂ ಮೂಳೆ ಕೂಡಲಿಲ್ಲ. ಡಿಸೆಂಬರಿನಲ್ಲಿ ಮೂರನೆಯದು, ಸೊಂಟದ ಮೂಳೆಯ ತುಂಡು ತಂದು ಕೂರಿಸಿದರು. ಮುರಿದ ಜಾಗದಲ್ಲಿ ಸೋಂಕಿರುವುದು ಆಗ ಗೊತ್ತಾಗಿ, ತಿಂಗಳುಗಟ್ಟಲೆ ಆಂಟಿಬಯಾಟಿಕ್ ನಡೆಯಿತು.

ಕೊನೆಗೆ ಮೂಳೆ ಕೂಡಿತು, ಆದರೆ ತಿರುಚಿಕೊಂಡು ಕೂಡಿತ್ತು. ಸುಮಾರು 30 ಡಿಗ್ರಿ. ತೋಳು ಒಳಕ್ಕೆ ತಿರುಗಿದ್ದರೆ ಥ್ರಾಟಲ್ ಹಿಡಿಯಲು ಭುಜವನ್ನು ಸೊಟ್ಟಗೆ ಎತ್ತಬೇಕಾಗುತ್ತದೆ, ಭುಜದ ಸ್ನಾಯುಗಳು ಬೇಗ ಸೋಲುತ್ತವೆ. ಬಲ ತಿರುವಿನಲ್ಲಿ ಬಲಗೈ ಮಡಚಿ ಅದರ ಮೇಲೆ ಮೈಭಾರ ಬಿಟ್ಟು ನೆಲದ ಕಡೆ ಇಳಿಯಬೇಕು. ಎಡ ತಿರುವಿನಲ್ಲಿ ಆ ಕೆಲಸ ಎಡಗೈಯದು. ಹಿಂದಿನ ಗೆಲುವಿನಿಂದ 581 ದಿನಗಳ ಬಳಿಕ ಮಾರ್ಕೆಸ್ ಮೊದಲು ಗೆದ್ದದ್ದು, 2021ರ ಜೂನಿನಲ್ಲಿ, ಜರ್ಮನಿಯ ಸಾಕ್ಸೆನ್‌ರಿಂಗ್‌ನಲ್ಲಿ. ಅದು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನ ಟ್ರ್ಯಾಕು: ಹತ್ತು ಎಡ ತಿರುವು, ಮೂರೇ ಬಲ ತಿರುವು. ಆ ವರ್ಷ ಗೆದ್ದ ಟೆಕ್ಸಾಸಿನ ಟ್ರ್ಯಾಕೂ ಎಡಕ್ಕೆ ಸುತ್ತುವಂಥದ್ದೇ. ಬರೀ ಫಲಿತಾಂಶದ ಪಟ್ಟಿ ನೋಡುವವರಿಗೆ ಚಾಂಪಿಯನ್ ಮರಳಿದರು ಎನಿಸಿತ್ತು. ಟ್ರ್ಯಾಕಿನ ನಕ್ಷೆ ನೋಡಿದವರಿಗೆ ಬಲತೋಳು ಮರಳಿಲ್ಲವೆಂಬುದು ತಿಳಿಯುತ್ತಿತ್ತು. 2022ರ ಜೂನಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ನಾಲ್ಕನೇ ಆಪರೇಷನ್: ಕೂಡಿದ್ದ ಮೂಳೆಯನ್ನು ಕತ್ತರಿಸಿ, ನೇರಕ್ಕೆ ತಿರುಗಿಸಿ, ಮತ್ತೆ ಪ್ಲೇಟು ಹಾಕಿದರು.

ಗಾಯವಿಲ್ಲದ ಮೈಗೂ ರೇಸು ಸುಲಭವಲ್ಲ. ಸುಮಾರು 40 ನಿಮಿಷ ಹೃದಯ ನಿಮಿಷಕ್ಕೆ 160ರಿಂದ 180 ಸಲ ಬಡಿಯುತ್ತದೆ. ಓಡದೆಯೇ ಇಷ್ಟು ಬಡಿತವೇಕೆಂದರೆ, ಸ್ನಾಯುಗಳು ಸಡಿಲವಾಗದೆ ಬಿಗಿದೇ ಇರುತ್ತವೆ, ಚರ್ಮದ ಸೂಟಿನೊಳಗೆ ಸೆಕೆ, ಮೇಲೆ ಅಡ್ರಿನಲಿನ್. ತಿರುವಿನಲ್ಲಿ ಪೂರ್ತಿ ವಾಲಿದಾಗ ಮೈಭಾರ ಒಂದೂಮುಕ್ಕಾಲು ಪಟ್ಟಾದಂತೆ ಸೀಟಿಗೆ ಒತ್ತುತ್ತದೆ. ಮರುಕ್ಷಣ ಆ ಭಾರವನ್ನು ಇನ್ನೊಂದು ಬದಿಗೆ ಸಾಗಿಸಬೇಕು. ಬೆವರು ಇದೆಲ್ಲಕ್ಕಿಂತ ಮೋಸದ್ದು. 65 ಕಿಲೋ ಮನುಷ್ಯ 1.3 ಕಿಲೋ ಬೆವರಿದರೆ ಮೈತೂಕದ ಶೇ. 2 ಹೋಯಿತು, ಗಮನ ಜಾರಲು ಅಷ್ಟು ಸಾಕು. 2023ರ ಸೆಪ್ಟೆಂಬರಿನಲ್ಲಿ ದೆಹಲಿ ಬಳಿಯ ಬುದ್ಧ ಟ್ರ್ಯಾಕಿನಲ್ಲಿ ಸೆಕೆಗೆ ಹೆದರಿ ರೇಸನ್ನು 24ರಿಂದ 21 ಸುತ್ತಿಗೆ ಇಳಿಸಿದ್ದರು. ಆದರೂ ಎರಡನೆಯವರಾದ ಮಾರ್ಟಿನ್ ನೀರಿನಂಶ ಕಳೆದುಕೊಂಡು ರೇಸಿನ ಬಳಿಕ ನಿಲ್ಲಲಾರದೆ ಕುಸಿದರು. ಬಾಯಾರಿದಾಗ ಕುಡಿದರೆ ತಡವಾಯಿತು. ಹಿಂದಿನ ದಿನದಿಂದಲೇ ಉಪ್ಪು ಬೆರೆತ ನೀರನ್ನು ಆಗಾಗ ಕುಡಿಯುತ್ತಿರಬೇಕು.

ಅಭ್ಯಾಸಕ್ಕೆ ಸೈಕಲ್ ತುಳಿಯುತ್ತಾರೆ, ಮಣ್ಣಿನ ಟ್ರ್ಯಾಕಿನಲ್ಲಿ ಬೈಕು ಓಡಿಸುತ್ತಾರೆ. ಅಲ್ಲೂ ಮೂಳೆ ಮುರಿಯುತ್ತದೆ. 2017ರಲ್ಲಿ ವ್ಯಾಲೆಂಟಿನೊ ರೋಸಿ ಕಾಲು ಮುರಿದುಕೊಂಡದ್ದು ಇಂಥ ಅಭ್ಯಾಸದಲ್ಲೇ.

ರ್‍ಯಾಲಿಯಲ್ಲಿ ಗಾಯಕ್ಕಿಂತ ದೂರವೇ ದೊಡ್ಡ ಶತ್ರು, ಏಕೆಂದರೆ ಟ್ರ್ಯಾಕು ಬಿಟ್ಟು ಬಯಲಿನಲ್ಲಿ ಬಹುದೂರ ಸಾಗುವಾಗ ಬಿದ್ದರೆ ಆಸ್ಪತ್ರೆ ಹತ್ತಿರವಿರುವುದಿಲ್ಲ. ಡಕಾರ್ ರ್‍ಯಾಲಿ ಪೂರೈಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್ 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಮರುಭೂಮಿಯಲ್ಲಿ ಬಿದ್ದಾಗ, ತಲೆಗೆ ಏಟಾಗಿ ರಿಯಾದಿನ ಆಸ್ಪತ್ರೆಯಲ್ಲಿ ಅವರನ್ನು ಔಷಧ ಕೊಟ್ಟು ಕೋಮಾದಲ್ಲಿಡಬೇಕಾಯಿತು. ಮಿದುಳು ಊದಿಕೊಂಡಾಗ ಅದರ ಕೆಲಸ ತಗ್ಗಿಸಿ, ಬೇಕಾಗುವ ಆಮ್ಲಜನಕ ಕಡಿಮೆ ಮಾಡುವ ಉಪಾಯ ಅದು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನಿನಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೆ ಏಟು ಮಾಡಿಕೊಂಡರು. ಹೊಟ್ಟೆಯ ಮೇಲೆ ಬಲವಾದ ಪೆಟ್ಟು ಬಿದ್ದರೆ ಈ ಗ್ರಂಥಿ ಬೆನ್ನುಮೂಳೆಗೆ ಅದುಮಿಕೊಳ್ಳುತ್ತದೆ. ಹೊರಗೆ ಗಾಯ ಕಾಣುವುದಿಲ್ಲ, ನೋವು ತಡವಾಗಿ ಶುರುವಾಗುತ್ತದೆ. ಬಿದ್ದವರು ಎದ್ದು ನಿಂತರೆಂದು ಆಸ್ಪತ್ರೆಗೆ ಹೋಗದಿರುವುದು ಇಂಥದ್ದರಲ್ಲಿ ಅಪಾಯ. ಐಶ್ವರ್ಯಾ ಪೂರ್ತಿ ಗುಣವಾಗಿ ಮರಳಿ, 2019ರಲ್ಲಿ ಬಾಹಾ ಎಂಬ ಬಯಲು ರೇಸುಗಳ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು.

ಮಾರ್ಕೆಸ್ 2025ರ ಸೆಪ್ಟೆಂಬರ್ 28ರಂದು ಜಪಾನಿನ ಮೊಟೆಗಿಯಲ್ಲಿ, ಆರು ವರ್ಷಗಳ ಬಳಿಕ, ಮತ್ತೆ ವಿಶ್ವ ಚಾಂಪಿಯನ್ ಆದರು. ಒಂದೇ ವಾರಕ್ಕೆ ಇಂಡೋನೇಷ್ಯಾದಲ್ಲಿ ಹಿಂದಿನಿಂದ ಬಂದ ಬೈಕು ಬಡಿದು ಬಿದ್ದರು. ಈ ಸಲವೂ ಏಟು ಬಿದ್ದದ್ದು ಬಲಬದಿಗೇ, ಭುಜಕ್ಕೆ. ಈ ಸಲ ವೈದ್ಯರು ಮೊದಲು ಭುಜವನ್ನು ಅಲುಗದಂತೆ ಕಟ್ಟಿ ಒಂದು ವಾರ ಕಾದರು. ಮೂಳೆ ಸ್ಥಿರವಾಗಿ ನಿಲ್ಲಲಿಲ್ಲವೆಂದು ಕಂಡ ಮೇಲೆಯೇ ಆಪರೇಷನ್ ಮಾಡಿದರು. ಆ ವರ್ಷ ಇನ್ನೂ ನಾಲ್ಕು ಊರುಗಳ ರೇಸುಗಳು ಬಾಕಿ ಇದ್ದವು. 2020ರಲ್ಲಿ ನಾಲ್ಕೇ ದಿನಕ್ಕೆ ಬೈಕು ಹತ್ತಿದ್ದವರು, ಈ ಸಲ ಆ ನಾಲ್ಕರಲ್ಲಿ ಒಂದಕ್ಕೂ ಇಳಿಯಲಿಲ್ಲ.