ವಾಡಿ ಕಡೆ ಕಲ್ಲಿದ್ದಲು ಗಣಿ ಇತ್ತೇನ್ರಿ?

ಪ್ರಶ್ನೆ: ವಾಡಿಯಿಂದ ಹೈದರಾಬಾದಿಗೆ ಹೋಗೋ ಲೈನಿಗೆ ನಮ್ಮ ಮುತ್ಯಾ ‘ಕಲ್ಲಿದ್ದಲ ಲೈನ್’ ಅಂತಿದ್ರು. ನಮ್ಮ ಕಡೆ ಗಣಿ ಇತ್ತೇನ್ರಿ? ಇದ್ರೆ ಈಗ ಎಲ್ಲಿ ಹೋಯ್ತು?

ಉತ್ತರ: ಗಣಿ ಇರಲಿಲ್ಲ, ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ನಿಮ್ಮ ಪಡಸಾಲೆಗೆ ಹಾಸಿದ ಶಹಾಬಾದ್ ಪರಸಿಯನ್ನೇ ನೋಡಿ. ನೀರು ಚೆಲ್ಲಿ ಒರೆಸಿದರೆ ಬೂದು ನೀಲಿ ಬಣ್ಣ ಏಳುತ್ತದೆ, ಒಡೆದ ಅಂಚಿನಲ್ಲಿ ಪದರಗಳು ಕಾಣುತ್ತವೆ. ಅದು ಹಳೆಯ ಸಮುದ್ರದ ತಳದಲ್ಲಿ ಕೂತ ಸುಣ್ಣದ ಕೆಸರು. ಅದು ಕೂತದ್ದು 50 ಕೋಟಿ ವರ್ಷಕ್ಕೂ ಹಿಂದೆ. ಆಗ ಭೂಮಿಯ ಮೇಲೆ ಮರವೇ ಹುಟ್ಟಿರಲಿಲ್ಲ. ಮರವಿಲ್ಲದೆ ಕಲ್ಲಿದ್ದಲು ಎಲ್ಲಿಂದ ಬಂದೀತು? ಗೋದಾವರಿ ಕಣಿವೆಯ ಕಲ್ಲಿದ್ದಲು ಬಹಳ ಈಚಿನದು, ಜೌಗು ಕಾಡುಗಳು ಹೂತುಹೋಗಿ ಆದದ್ದು.

ಆದರೂ ಮುತ್ಯಾನ ಮಾತು ಸುಳ್ಳಲ್ಲ. ಮುಂಬಯಿ–ರಾಯಚೂರು ಹಾದಿಯ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾದದ್ದು 1874ರಲ್ಲಿ. ರಾಜಧಾನಿಯನ್ನು ಮುಂಬಯಿಗೆ ಜೋಡಿಸಲು ಹಾಕಿದ ಲೈನ್ ಅದು. ಈ ಕಡೆಯ ಉಗಿಬಂಡಿಗಳಿಗೆ ಮೊದಮೊದಲು ಇಂಗ್ಲೆಂಡಿನಿಂದ ಹಡಗಿನಲ್ಲಿ ಕಲ್ಲಿದ್ದಲು ಬರುತ್ತಿತ್ತು. ಎಷ್ಟು ದುಬಾರಿ ಬಿದ್ದಿರಬೇಕು ಯೋಚಿಸಿ!

1870ರ ದಶಕದ ಆರಂಭದಲ್ಲಿ ಭೂವಿಜ್ಞಾನಿ ವಿಲಿಯಂ ಕಿಂಗ್ ಅದೇ ಗೋದಾವರಿ ಕಣಿವೆಯಲ್ಲಿ, ಈಗಿನ ತೆಲಂಗಾಣದ ಯೆಲ್ಲಂದು ಹತ್ತಿರ ಕಲ್ಲಿದ್ದಲು ಗುರುತಿಸಿದರು. ಆದರೆ ಕಂಡ ಮಾತ್ರಕ್ಕೆ ಗಣಿ ನಡೆಯುವುದಿಲ್ಲ. ಕಲ್ಲಿದ್ದಲು ಭಾರದ ಸರಕು. ಎತ್ತಿನ ಗಾಡಿಯಲ್ಲಿ ದೂರ ಹೊತ್ತರೆ ಬಾಡಿಗೆಯೇ ಬೆಲೆಯನ್ನು ನುಂಗಿಬಿಡುತ್ತದೆ. ಅದಕ್ಕೇ ಲೈನ್ ಮುಂದೆ ಸಾಗಿತು: 1886ಕ್ಕೆ ವಾರಂಗಲ್, 1888ಕ್ಕೆ ಡೋರ್ನಕಲ್‌ನಿಂದ ಕವಲೊಡೆದು ಯೆಲ್ಲಂದು, 1889ಕ್ಕೆ ಬೆಜವಾಡ (ಈಗಿನ ವಿಜಯವಾಡ). ಗಣಿ ಕೆಲಸ ಶುರುವಾದದ್ದು 1889ರಲ್ಲಿ, ಅಂದರೆ ಹಳಿ ತಲುಪಿದ ಮೇಲೆ. ಇದು ನನಗೆ ಈ ಕಥೆಯ ಬಲು ದೊಡ್ಡ ಸಂಗತಿ. ಎಂಜಿನ್ನಿಗೆ ಕಲ್ಲಿದ್ದಲು ಬೇಕಿತ್ತು, ಕಲ್ಲಿದ್ದಲಿಗೆ ಎಂಜಿನ್ನೇ ಬೇಕಿತ್ತು. ನಮ್ಮ ವಾಡಿ ಆ ಸರಪಳಿಯ ಪಡುವಣ ಕೊಂಡಿ.

1920ರಲ್ಲಿ ಗಣಿ ಕಂಪನಿಗೆ ಪಕ್ಕದ ಹಳ್ಳಿ ಸಿಂಗರೇಣಿಯ ಹೆಸರು ಬಂತು. ಮುಂದೆ ಗಣಿಗಾರಿಕೆಯ ಕೇಂದ್ರ ಕೊತ್ತಗೂಡೆಂ ಕಡೆ ಸರಿಯಿತು. ಡೋರ್ನಕಲ್ ಕವಲಿನ ಕೊನೆಯ ಕಾರೇಪಲ್ಲಿ–ಯೆಲ್ಲಂದು ತುಂಡಿನಲ್ಲಿ ಪ್ರಯಾಣಿಕರ ರೈಲು ನಿಂತು ದಶಕಗಳಾದವು. ಯಾವ ಊರಿಗಾಗಿ ಅಷ್ಟು ದೂರ ಹಳಿ ಹಾಕಿದರೋ ಆ ಊರಿನ ಜನಕ್ಕೇ ರೈಲಿಲ್ಲ. ಇದು ನನಗೆ ಅನ್ಯಾಯವೆಂದೇ ಅನ್ನಿಸುತ್ತದೆ. ವಾಡಿಯ ಲೈನ್ ಮಾತ್ರ ಇಂದಿಗೂ ಹಗಲಿರುಳು ಗಡಗಡಿಸುತ್ತಿದೆ.

ಮುತ್ಯಾ ರೈಲ್ವೆಯಲ್ಲಿದ್ದರೇ? ಬಾಯ್ಲರಿಗೆ ಇದ್ದಲು ಎಸೆಯುವ ಫೈರ್‌ಮನ್ ಆಗಿದ್ದರೇ? ಮನೆಯ ಹಿರಿಯರನ್ನು ಕೇಳಿ ನಮಗೆ ಬರೆಯಿರಿ.