ತೀರ್ಥಹಳ್ಳಿ ಮಳೆ ಮತ್ತು ನಲವತ್ತು ಸಾವಿರದ ಸ್ಪೀಕರ್ ವೈರು

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಶಿವಮೊಗ್ಗದ ನಮ್ಮ ಅಂಗಡಿಗೆ ಫೋನ್ ಮಾಡಿದರು. "ಎಂತ ಮಾರಾಯ್ರೇ, ನಲವತ್ತು ಸಾವಿರ ಕೊಟ್ಟು ವೈರು ಹಾಕ್ಸಿದೀನಿ, ಮೃದಂಗ ಡಬ್ಬ ಬಡಿದ ಹಾಗೆ ಕೇಳ್ತದೆ" ಅಂದರು. ಹೋಗಿ ನೋಡಿದೆ. ಹೆಬ್ಬೆರಳು ದಪ್ಪದ ವೈರು, ಮೇಲೆ ನೇಯ್ದ ಹೊದಿಕೆ. ಸಿಗ್ನಲ್ ಯಾವ ಕಡೆ ಹೋಗಬೇಕು ಅಂತ ಬಾಣದ ಗುರುತು ಬೇರೆ! ಆ ಸಿಗ್ನಲ್ಲೋ, ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹಿಂದೆ ಮುಂದೆ ಹರಿಯುವಂಥದ್ದು. ಬಾಣ ನೋಡಿಕೊಂಡು ಅದು ಹೋಗುತ್ತಾ?

ತಪ್ಪು ಇದ್ದದ್ದು ಬಲಗಡೆಯ ಸ್ಪೀಕರ್‌ನಲ್ಲಿ. ಪ್ಲಸ್ ಮೈನಸ್ ಅದಲುಬದಲಾಗಿತ್ತು. ಎಡಗಡೆಯ ಕೋನ್ (ಸ್ಪೀಕರ್‌ನಲ್ಲಿ ಅದುರಿ ಸದ್ದು ಮಾಡುವ ಪರದೆ) ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಬಲಗಡೆಯದು ಹಿಂದಕ್ಕೆ ಎಳೆಯುತ್ತಿತ್ತು. ಹಾಗಾದಾಗ ಎರಡೂ ಕಡೆಯ ಬೇಸ್, ಅಂದರೆ ತಗ್ಗಿನ ದಪ್ಪ ಸದ್ದು, ಒಂದನ್ನೊಂದು ತಿಂದುಹಾಕುತ್ತದೆ. ಇದನ್ನು ನೀವೇ ನೋಡಬಹುದು. ಆಂಪ್ಲಿಫೈಯರ್ ಆಫ್ ಮಾಡಿ, ಅದಕ್ಕೆ ಸಿಕ್ಕಿಸಿದ ವೈರಿನ ತುದಿ ಬಿಚ್ಚಿ. ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ತಗೊಂಡು, ಬಿಚ್ಚಿದ ಆ ತುದಿಗೆ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಒಂದು ಕ್ಷಣ ಮುಟ್ಟಿಸಿ. 'ಟಪ್' ಅಂತ ದೊಡ್ಡ ಕೋನ್ ಮುಂದೆ ಬಂದರೆ ಸರಿ. ಒಳಗೆ ಹೋದರೆ ವೈರು ತಿರುಗಾಮುರುಗಾ ಆಗಿದೆ ಅಂತ ಅರ್ಥ.

ಹಾಗಾದರೆ ಎಂಥ ವೈರು ತಗೋಬೇಕು? ಮೊದಲು ಟೇಪ್ ಹಿಡಿದು ಉದ್ದ ಅಳೆಯಿರಿ. ನಮ್ಮ ಕಡೆಯ ಹಳೆ ಮನೆಗಳಲ್ಲಿ ಬಾಗಿಲು ಸುತ್ತಿ, ಗೋಡೆ ಬಳಸಿ ಬರುವಾಗ 12 ಮೀಟರ್ ಸುಲಭವಾಗಿ ಆಗುತ್ತದೆ. ಹೋಗಿ ಬರುವ ಎರಡೆಳೆ ಸೇರಿದರೆ 24 ಮೀಟರ್. ಸ್ಪೀಕರ್ ಡಬ್ಬದ ಜೊತೆ ಬರುವ 0.5 ಸ್ಕ್ವೇರ್ ಎಂಎಂ (ಇದು ಒಳಗಿನ ಲೋಹದ ದಪ್ಪದ ಅಳತೆ) ವೈರಾದರೆ ಸುಮಾರು 0.9 ಓಮ್ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅಡ್ಡಿ, ಅಲ್ಲೇ ಕೂತಿತು. ಅದೇ ದೂರಕ್ಕೆ 2.5 ಸ್ಕ್ವೇರ್ ಎಂಎಂ ತಾಮ್ರ ಹಾಕಿದರೆ 0.2 ಓಮ್ ಒಳಗೇ ಇರುತ್ತದೆ. ಸ್ಪೀಕರ್‌ನ ಓಮ್‌ನಲ್ಲಿ ವೈರಿನದು ಶೇ 5 ದಾಟಬಾರದು ಅನ್ನೋದು ನಮ್ಮ ಕೆಲಸದ ಲೆಕ್ಕ. 8 ಓಮ್ ಸ್ಪೀಕರ್‌ಗೆ 0.4. ಸ್ಪೀಕರ್ 4 ಓಮ್‌ದಾಗಿ, ದೂರವೂ ಜಾಸ್ತಿ ಇದ್ದರೆ 4 ಸ್ಕ್ವೇರ್ ಎಂಎಂ ಹಾಕಿಸಿ. ಬೆಳ್ಳಿ ವೈರು ಬೇಕಾ ಅಂತ ಕೇಳುವವರೂ ಇದ್ದಾರೆ. ಬೆಳ್ಳಿ ತಾಮ್ರಕ್ಕಿಂತ ಶೇ 6ರಷ್ಟು ಮಾತ್ರ ಚೆನ್ನಾಗಿ ಕರೆಂಟು ಹಾಯಿಸುತ್ತದೆ. ಆ ಲಾಭ ತಾಮ್ರವನ್ನೇ ಚೂರು ದಪ್ಪ ತಗೊಂಡರೂ ಸಿಗುತ್ತದೆ.

ಮೋಸ ಆಗೋದು ಬೇರೆ ಕಡೆ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟು, ಮೇಲೆ ದಪ್ಪ ಪ್ಲಾಸ್ಟಿಕ್ ತೊಡಿಸಿ ಮಾರುತ್ತಾರೆ. ಕೈಯಲ್ಲಿ ಹಿಡಿದರೆ ಹಗುರ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಬೇಡ. ತವರ ಲೇಪದ ತಾಮ್ರ ಇದಕ್ಕೆ ಉಲ್ಟಾ: ಮೇಲೆ ಬಿಳಿ, ಒಳಗೆ ಕೆಂಪು. ಮಲೆನಾಡಿಗೆ ನಾನು ಹೇಳೋದು ಅದನ್ನೇ. ಯಾಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆಯೇ ಒಣಗಲ್ಲ, ಬೆತ್ತಲೆ ತಾಮ್ರ ಕಿಲುಬು ಹಿಡಿಯದೆ ಇರುತ್ತದಾ?

ಬೆಳೆಗಾರರ ಮನೆಯಲ್ಲೂ ಅದೇ ಆಗಿತ್ತು. ಪ್ಲಸ್ ಮೈನಸ್ ಸರಿಮಾಡಲು ಸ್ಕ್ರೂ ಸಡಿಲಿಸಿದರೆ ತುದಿಯ ಎಳೆಗಳೆಲ್ಲ ಹಸಿರು ಹಸಿರು. ಇನ್ನೊಂದು ಮಳೆಗಾಲ ಕಳೆದಿದ್ದರೆ ಕರಕರ ಶುರುವಾಗುತ್ತಿತ್ತು. ಎರಡಿಂಚು ಕತ್ತರಿಸಿ, ಹೊಸದಾಗಿ ಸುಲಿದು, ಬನಾನಾ ಪ್ಲಗ್ (ಸ್ಪೀಕರ್‌ಗೆ ಸಿಕ್ಕಿಸುವ ಲೋಹದ ಪಿನ್ನು) ಬಿಗಿದೆ. ಅಷ್ಟು ಕತ್ತರಿಸುವಾಗ ಅವರ ಮುಖ ನೋಡಬೇಕಿತ್ತು! ವೈರನ್ನು ಗೋಡೆಗೆ ಸರಿಯಾಗಿ ಅಳೆದು ಹಾಕಿಸಿದ್ದರಿಂದ ಆಮೇಲೆ ಅದು ಸ್ಪೀಕರ್‌ಗೆ ಎಟುಕಲಿಲ್ಲ, ಸ್ಪೀಕರನ್ನೇ ಈಚೆ ಸರಿಸಬೇಕಾಯ್ತು. ನೀವು ಹಾಕಿಸುವಾಗ ಎರಡೂ ತುದಿಯಲ್ಲಿ ಒಂದೊಂದು ಅಡಿ ಜಾಸ್ತಿ ಬಿಡಿಸಿ.