ಎಣ್ಣೆ ಬಾವಿಯೋ, ಬಿಸಿಲೋ? ಪ್ರಶ್ನೆಯಲ್ಲೇ ಒಂದು ತೊಡಕಿದೆ

ಕಲಬುರಗಿಯಲ್ಲಿ ನಾವು ಆರು ಜನ ಸೇರಿ ಪರೀಕ್ಷೆಗೆ ಓದುತ್ತೇವೆ. ಕಳೆದ ವಾರದ ಪ್ರಬಂಧದ ವಿಷಯ: ‘ದೇಶದೊಳಗೆ ಎಣ್ಣೆ ಬಾವಿ ಕೊರೆಯುವುದು ಜಾಸ್ತಿ ಮಾಡಬೇಕೋ, ಪರ್ಯಾಯ ಇಂಧನ ಬೆಳೆಸಬೇಕೋ?’ ನಾನು ಆ ಕಡೆಗೆ ನಾಲ್ಕು ಅಂಶ, ಈ ಕಡೆಗೆ ನಾಲ್ಕು ಅಂಶ ಬರೆದು ‘ಎರಡೂ ಬೇಕು’ ಅಂತ ಮುಗಿಸಿದ್ದೆ. ಸರ್ ಹಾಳೆಯ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಒಂದೇ ಸಾಲು ಬರೆದಿದ್ದರು: ‘ಸೋಲಾರ್ ಹಾಕಿದರೆ ಎಣ್ಣೆ ಹೇಗೆ ಉಳಿಯುತ್ತದೆ?’

ಇದೇನು ಪ್ರಶ್ನೆ ಅನ್ನಿಸಿತು. ಉತ್ತರ ಬರೆಯಲು ಕೂತಾಗ ಮಾತ್ರ ಪೆನ್ನು ಓಡಲಿಲ್ಲ. ಆ ಒಂದು ಸಾಲಿನ ಬೆನ್ನು ಹತ್ತಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಣ್ಣೆ ಎಲ್ಲಿಗೆ ಹೋಗುತ್ತದೆ?

ನಮ್ಮ ದೇಶದ ಕರೆಂಟಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಕಲ್ಲಿದ್ದಲಿನಿಂದ ಬರುತ್ತದೆ. ಎಣ್ಣೆ ಸುಟ್ಟು ಮಾಡುವ ಕರೆಂಟು ನೂರರಲ್ಲಿ ಒಂದು ಪಾಲೂ ಇಲ್ಲ. ಅಂದರೆ ಮಾಳಿಗೆ ಮೇಲೆ ಪ್ಯಾನೆಲ್ ಹಾಕಿದರೆ ರಾಯಚೂರಿನ ಶಕ್ತಿನಗರದಂಥ ಕಡೆ ಸುಡುವ ಕಲ್ಲಿದ್ದಲು ಉಳಿಯುತ್ತದೆ. ಹೊರದೇಶದಿಂದ ಹಡಗಿನಲ್ಲಿ ಬರುವ ಕಚ್ಚಾ ಎಣ್ಣೆ ಒಂದು ತೊಟ್ಟೂ ಕಮ್ಮಿಯಾಗುವುದಿಲ್ಲ.

ಎಣ್ಣೆ ಹೋಗುವುದು ಲಾರಿ, ಬಸ್ಸು, ಟ್ರ್ಯಾಕ್ಟರ್, ಬೈಕ್, ವಿಮಾನ, ರಸ್ತೆಯ ಡಾಂಬರು, ಪ್ಲಾಸ್ಟಿಕ್ಕಿಗೆ. 2023-24ರಲ್ಲಿ ದೇಶ ಬಳಸಿದ ಪೆಟ್ರೋಲಿಯಂ ಉತ್ಪನ್ನ ಸುಮಾರು 23 ಕೋಟಿ ಟನ್. ಅದರಲ್ಲಿ ಡೀಸೆಲ್ ಒಂದೇ ಸುಮಾರು 9 ಕೋಟಿ ಟನ್. ಅದೇ ವರ್ಷ ನಮ್ಮ ಬಾವಿಗಳಿಂದ ಬಂದ ಕಚ್ಚಾ ಎಣ್ಣೆ 3 ಕೋಟಿ ಟನ್ನಿಗೂ ಸ್ವಲ್ಪ ಕಮ್ಮಿ. ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿನದು.

ಹಾಗಾಗಿ ಬಿಸಿಲಿಗೂ ಎಣ್ಣೆಗೂ ನೇರ ಜಗಳವಿಲ್ಲ. ಡೀಸೆಲ್‌ನಲ್ಲಿ ಓಡುವುದನ್ನು ಕರೆಂಟಿನಲ್ಲಿ ಓಡಿಸಿದಾಗ ಮಾತ್ರ ಎರಡಕ್ಕೂ ನಂಟು ಬೀಳುತ್ತದೆ. ಕಲಬುರಗಿ ಸ್ಟೇಷನ್ನಿನಲ್ಲೇ ನೋಡಿ. ಕೆಲವು ವರ್ಷಗಳ ಹಿಂದೆ ಇಲ್ಲಿ ಡೀಸೆಲ್ ಇಂಜಿನ್ ಹೊಗೆ ಬಿಡುತ್ತಾ ಬರುತ್ತಿತ್ತು. ಈಗ ಹಳಿಗಳ ಮೇಲೆ ತಂತಿ ಎಳೆದಿದ್ದಾರೆ. ಎಣ್ಣೆ ಉಳಿದದ್ದು ಅಲ್ಲಿ.

ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ದಂಡೆಗೆ ನಮ್ಮ ಕಾಕಾನ ಹೊಲ ಇದೆ. ‘ತಮ್ಮಾ, ಕರೆಂಟ್ ಇದ್ದಾಗ ಹೊಳೆಯಾಗ ನೀರು ಇರಂಗಿಲ್ಲ, ನೀರು ಇದ್ದಾಗ ಕರೆಂಟ್ ಇರಂಗಿಲ್ಲ’ ಅನ್ನುವುದು ಅವರ ಹಳೇ ಮಾತು. ಅದಕ್ಕೇ 5 ಎಚ್‌ಪಿ ಡೀಸೆಲ್ ಇಂಜಿನ್ ಇಟ್ಟುಕೊಂಡಿದ್ದರು. ಗಂಟೆಗೆ ಒಂದು ಲೀಟರ್ ಹತ್ತಿರ ಕುಡಿಯುತ್ತದೆ. ದಿನಕ್ಕೆ ಆರು ಗಂಟೆ ಓಡಿಸಿದರೆ, ಲೀಟರಿಗೆ 90 ರೂಪಾಯಿ ಹಿಡಿದರೂ 540 ರೂಪಾಯಿ. ಅಷ್ಟೇ ತಾಕತ್ತಿನ ಸೋಲಾರ್ ಪಂಪಿಗೆ ಸುಮಾರು 5 ಕಿಲೋವ್ಯಾಟ್ ಪ್ಯಾನೆಲ್ ಬೇಕು. 2019ರಲ್ಲಿ ಶುರುವಾದ ಕುಸುಮ್ ಯೋಜನೆಯಲ್ಲಿ ಇಂಥ ಪಂಪಿನ ಖರ್ಚು ಹಂಚಿಕೊಳ್ಳುವ ಮೂಲ ಲೆಕ್ಕ ನೂರಕ್ಕೆ 30-30-40: ಕೇಂದ್ರ, ರಾಜ್ಯ, ರೈತ. ರಾಜ್ಯ ತನ್ನ ಪಾಲು ಏರಿಸಿದರೆ ರೈತನದು ಇಳಿಯುತ್ತದೆ. ಸರ್ ಕೇಳಿದ್ದಕ್ಕೆ ಉತ್ತರ ಇಲ್ಲಿದೆ: ಈ ಆರು ಲೀಟರ್ ನಿಜವಾಗಿ ಉಳಿಯುವ ಎಣ್ಣೆ. ಮಾಳಿಗೆ ಮೇಲಿನ ಪ್ಯಾನೆಲ್ ಆ ಲೆಕ್ಕಕ್ಕೆ ಬರಬೇಕಾದರೆ ಕೆಳಗೆ ಕರೆಂಟಿನ ಸ್ಕೂಟರ್ ನಿಂತಿರಬೇಕು.

ಕೊರೆಯುವುದು ಅಂದರೆ ಏನು?

ಈ ಭಾಗವನ್ನು ನಾವೆಲ್ಲ ಸುಮ್ನೆ ಹಾರಿಸಿಬಿಡುತ್ತೇವೆ. ನೆಲದೊಳಗೆ ಎಣ್ಣೆಯ ಕೆರೆ ಇದೆ, ಕೊಳವೆ ಇಳಿಸಿ ಎಳೆಯುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ಕೆರೆ ಗಿರೆ ಏನೂ ಇಲ್ಲ. ಎಣ್ಣೆ ಇರುವುದು ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ.

ಬೀದರಿನ ನೌಬಾದ್ ಹತ್ತಿರದ ಸುರಂಗ ಬಾವಿ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಬಹಮನಿ ಕಾಲದ್ದು. ಮೇಲೆ ತೂತು ತೂತಾದ ಕೆಂಪು ಕಲ್ಲು, ಕೆಳಗೆ ಗಟ್ಟಿ ಕಪ್ಪು ಕಲ್ಲು. ಮಳೆನೀರು ಕೆಂಪು ಕಲ್ಲಿನಲ್ಲಿ ಇಂಗಿ, ಕಪ್ಪು ಕಲ್ಲು ದಾಟಲಾಗದೆ ಅದರ ಮೇಲೆ ನಿಲ್ಲುತ್ತದೆ. ಎರಡೂ ಸೇರುವ ಕಡೆ ಸುರಂಗ ತೋಡಿ ಆ ನೀರನ್ನು ಹಿಡಿದಿದ್ದಾರೆ. ಇಳಿಜಾರಿನಲ್ಲಿ ತಾನೇ ಹರಿಯುತ್ತದೆ, ಪಂಪಿಲ್ಲ, ಡೀಸೆಲ್ಲಿಲ್ಲ. ಎಣ್ಣೆಯದು ಇದರ ತಲೆಕೆಳಗು. ಎಣ್ಣೆ ನೀರಿಗಿಂತ ಹಗುರ, ಮೇಲಕ್ಕೇ ಏರುತ್ತದೆ. ಅದಕ್ಕೆ ಗಟ್ಟಿ ಕಲ್ಲಿನ ಮುಚ್ಚಳ ಮೇಲೆ ಬೇಕು. ಮುಚ್ಚಳ ಇಲ್ಲದಿದ್ದರೆ ಕಾಲ ಕಳೆದಂತೆ ಸೋರಿಹೋಗುತ್ತದೆ.

ಇನ್ನು ಕೊರೆಯುವ ಕೆಲಸ. ನಮ್ಮಲ್ಲಿ ಬೋರ್‌ವೆಲ್ ಲಾರಿ ಬಂದರೆ ಇಡೀ ಓಣಿ ಧೂಳೋ ಧೂಳು. ಗಾಳಿಯ ಒತ್ತಡದಿಂದ ಕಲ್ಲಿನ ಪುಡಿಯನ್ನು ಮೇಲಕ್ಕೆ ಊದುತ್ತಾರೆ. ಐನೂರು ಅಡಿಗೆ ಅದು ಸಾಕು. ಎಣ್ಣೆ ಬಾವಿ ಎರಡು ಮೂರು ಸಾವಿರ ಮೀಟರ್ ಇಳಿಯುತ್ತದೆ. ಅಲ್ಲಿ ಗಾಳಿಯ ಬದಲು ಕೆಸರು. ನೀರಿಗೆ ಒಂದು ಬಗೆಯ ಜೇಡಿಮಣ್ಣು, ತೂಕಕ್ಕೆ ಬರೈಟ್ ಅನ್ನುವ ಭಾರದ ಖನಿಜದ ಪುಡಿ ಕಲಸಿ, ಕೊರೆಯುವ ಕೊಳವೆಯ ಒಳಗಿನಿಂದ ಕೆಳಗೆ ತಳ್ಳುತ್ತಾರೆ. ಅದು ಕೊಳವೆಯ ತುದಿಯ ಕೊರೆಯುವ ಹಲ್ಲನ್ನು ತಣ್ಣಗಿಡುತ್ತದೆ, ಪುಡಿಯನ್ನು ಹೊತ್ತು ಹೊರಗಿನ ಸಂದಿನಿಂದ ಮೇಲೆ ಬರುತ್ತದೆ. ಜೊತೆಗೆ ತನ್ನ ತೂಕದಿಂದ ಕೆಳಗಿನ ಅನಿಲವನ್ನು ಒತ್ತಿ ಹಿಡಿಯುತ್ತದೆ. ಈ ಹಿಡಿತ ತಪ್ಪಿದರೆ ಬಾವಿ ಉಕ್ಕಿ ಹಾರುತ್ತದೆ, ಅದೇ ಬ್ಲೋಔಟ್. ಬಾವಿ ಕೊರೆದು ಮುಗಿದ ಮೇಲೂ ಈ ಅಪಾಯ ತಪ್ಪಿದ್ದಲ್ಲ. ಅಸ್ಸಾಮಿನ ಬಾಘಜಾನ್‌ನಲ್ಲಿ 2020ರ ಮೇ ತಿಂಗಳಲ್ಲಿ ಅನಿಲ ಬಾವಿಯೊಂದು ಹೀಗೆ ಉಕ್ಕಿತು. ಜೂನ್‌ನಲ್ಲಿ ಹತ್ತಿದ ಬೆಂಕಿ ಆರಿದ್ದು ನವೆಂಬರ್‌ನಲ್ಲಿ.

ಪರೀಕ್ಷೆಯಲ್ಲಿ ಇಸವಿಗಳು ಕೇಳುವುದುಂಟು: ಅಸ್ಸಾಮಿನ ದಿಗ್ಬೋಯಿ ಬಾವಿ 1889, ಸರ್ಕಾರಿ ಎಣ್ಣೆ ಸಂಸ್ಥೆ ಒಎನ್‌ಜಿಸಿ ಶುರು 1956, ಸಮುದ್ರದೊಳಗಿನ ಎಣ್ಣೆ ಜಾಗ ಮುಂಬೈ ಹೈ ಪತ್ತೆ 1974, ಉತ್ಪಾದನೆ 1976. ರಾಜಸ್ಥಾನದ ಬಾಡಮೇರಿನ ಮಂಗಳಾ ಎಣ್ಣೆ ಜಾಗ ಪತ್ತೆ 2004, ಎಣ್ಣೆ ಬಂದದ್ದು 2009. ಆ ಎಣ್ಣೆಯಲ್ಲಿ ಮೇಣ ಜಾಸ್ತಿ, ತಣ್ಣಗಾದರೆ ಗಡ್ಡೆ ಕಟ್ಟುತ್ತದೆ. ದಾರಿಯುದ್ದಕ್ಕೂ ಕಾಯಿಸುತ್ತಲೇ ಪೈಪಿನಲ್ಲಿ ಸಾಗಿಸುತ್ತಾರೆ.

ಇವತ್ತು ಹೊಸ ಜಾಗ ಸಿಕ್ಕರೂ ನಾಳೆ ಎಣ್ಣೆ ಬರುವುದಿಲ್ಲ ಅಂತಾಯಿತು. ಹಳೇ ಬಾವಿಗಳು ಬತ್ತುತ್ತಿವೆ. 2011-12ರಲ್ಲಿ 3.8 ಕೋಟಿ ಟನ್ ಇದ್ದ ದೇಶದ ಉತ್ಪಾದನೆ 2.9 ಕೋಟಿಗೆ ಇಳಿದಿದೆ. ಈಗ ಕೊರೆಯುವ ಹೊಸ ಬಾವಿಗಳು ಮೊದಲು ಆ ಇಳಿತವನ್ನೇ ತುಂಬಬೇಕು.

‘ನಮ್ಮ ಕೆಳಗೂ ಎಣ್ಣೆ ಐತೇನ್ರೀ?’ ಅಂತ ಗುಂಪಿನಲ್ಲಿ ಒಬ್ಬರು ಕೇಳಿದರು. ಶಹಾಬಾದ್ ಕಲ್ಲು, ಸೇಡಂನ ಸಿಮೆಂಟಿನ ಸುಣ್ಣದಕಲ್ಲು ಎಲ್ಲ ಭೀಮಾ ಬೇಸಿನ್ನಿನ (ಹಿಂದೆ ಹೂಳು ಪದರು ಪದರಾಗಿ ತುಂಬಿ ಕಲ್ಲಾದ ತಗ್ಗು) ಪದರು ಕಲ್ಲುಗಳೇ. ದೇಶದ 26 ಬೇಸಿನ್‌ಗಳ ಎಣ್ಣೆ ಪಟ್ಟಿಯಲ್ಲಿ ಭೀಮಾ-ಕಲಾದಗಿ ಹೆಸರೂ ಇದೆ. ಆದರೆ ಎಣ್ಣೆ ತೆಗೆಯುತ್ತಿರುವ ಬೇಸಿನ್ ಅದಲ್ಲ. ಯಾದಗಿರಿಯ ಗೋಗಿಯಲ್ಲಿ ಸಿಕ್ಕಿದ್ದು ಯುರೇನಿಯಂ ಅದಿರು, ಆ ಕಥೆ ಬೇರೆ.

‘ನಮ್ಮ ಎಣ್ಣೆ ಬಂದರೆ ಪೆಟ್ರೋಲ್ ಅಗ್ಗ ಆಗುತ್ತದೆ’ ಅಂತ ದಯವಿಟ್ಟು ಬರೆಯಬೇಡಿ. ನಾನು ಬರೆದಿದ್ದೆ, ಮಾರ್ಕ್ಸ್ ಹೋಯಿತು. ದೇಶದೊಳಗಿನ ಕಚ್ಚಾ ಎಣ್ಣೆಯೂ ಜಗತ್ತಿನ ಮಾರುಕಟ್ಟೆ ದರಕ್ಕೇ ಮಾರಾಟವಾಗುತ್ತದೆ, ಮೇಲೆ ತೆರಿಗೆ. ಉಳಿಯುವುದು ಹೊರಗಿನ ಎಣ್ಣೆಗೆ ಕೊಡುವ ಡಾಲರ್. ಅದು ಸಣ್ಣ ಲಾಭವಲ್ಲ, ಆದರೆ ಬಂಕಿನಲ್ಲಿ ಕಾಣುವುದಿಲ್ಲ.

ಬಿಸಿಲಿನ ಲೆಕ್ಕ

ನಮ್ಮದು ಬಿಸಿಲ ನಾಡು, ಸೋಲಾರಿಗೆ ಹೇಳಿ ಮಾಡಿಸಿದ ಜಾಗ ಅಂತ ಎಲ್ಲರೂ ಬರೆಯುತ್ತಾರೆ. ಅರ್ಧ ಸರಿ. ಪ್ಯಾನೆಲಿಗೆ ಬೇಕಾದದ್ದು ಬೆಳಕು, ಸೆಕೆ ಅಲ್ಲ. ಅದರ ಮೇಲೆ ಬರೆದಿರುವ ತಾಕತ್ತು 25 ಡಿಗ್ರಿಯ ಲೆಕ್ಕ. ಮೇ ತಿಂಗಳಲ್ಲಿ ಇಲ್ಲಿ ಗಾಳಿಯೇ 42 ಡಿಗ್ರಿ, ಪ್ಯಾನೆಲ್ 60 ಮುಟ್ಟುತ್ತದೆ. ಡಿಗ್ರಿಗೆ ನೂರಕ್ಕೆ 0.4 ಕಮ್ಮಿಯಾದರೆ, 35 ಡಿಗ್ರಿಗೆ ನೂರಕ್ಕೆ 14 ಹೋಯಿತು. ಮೇಲಿಂದ ಧೂಳು. ತೊಗರಿ ರಾಶಿ ಮಾಡುವ ದಿನಗಳಲ್ಲಿ ನಮ್ಮ ಮಾಳಿಗೆಯ ಪ್ಯಾನೆಲ್ ಮೇಲೆ ಬೆರಳಿಂದ ಹೆಸರು ಬರೆಯಬಹುದು. ತೊಳೆಯಲು ನೀರು ಹೊತ್ತು ಮೇಲೆ ಹೋಗುವುದು ನನ್ನ ಪಾಳಿ.

ಅಂದಾಜಿಗೆ, 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ 4 ಯೂನಿಟ್ ಕೊಡುತ್ತದೆ. ದೊಡ್ಡದಕ್ಕೆ ಉದಾಹರಣೆ ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್: 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ಅಲ್ಲಿ ಭೂಮಿ ಕೊಂಡಿಲ್ಲ, ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಸ್ವಂತ ಹೊಲ ಇದ್ದವರಿಗೆ ಹಣ ಬಂತು, ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ? ಪ್ರಬಂಧದಲ್ಲಿ ಈ ಪ್ರಶ್ನೆ ಎತ್ತಿ, ಬಹಳ ಜನ ಎತ್ತುವುದಿಲ್ಲ.

ರಾತ್ರಿಯ ತೊಂದರೆ ಎಲ್ಲರಿಗೂ ಗೊತ್ತು. ಬ್ಯಾಟರಿ ಬೇಕು.

ಕಬ್ಬಿನಂಥ ಬೆಳೆಯಿಂದ ಮಾಡುವ ಎಥನಾಲ್ ಮಾತ್ರ ಎಣ್ಣೆಯ ಜಾಗಕ್ಕೇ ನೇರವಾಗಿ ಬರುತ್ತದೆ. ಪೆಟ್ರೋಲಿಗೆ ನೂರಕ್ಕೆ 20 ಬೆರೆಸುವ ಗುರಿ ಮೊದಲು 2030ಕ್ಕೆ ಇತ್ತು, 2025ರಲ್ಲೇ ಮುಟ್ಟಿದರು. ಆದರೆ ಎಥನಾಲ್‌ನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಮ್ಮಿ. ಹಾಗಾಗಿ ಬೆರೆಸಿದ ಲೀಟರಿನಲ್ಲಿ ನೂರಕ್ಕೆ 6-7 ಶಕ್ತಿ ಇಳಿಯುತ್ತದೆ. ಡೀಸೆಲ್ ಇದರಲ್ಲಿ ಬರುವುದೇ ಇಲ್ಲ, ಲಾರಿ ಹಾಗೇ ಓಡುತ್ತದೆ. ಇನ್ನೊಂದು ನಮ್ಮ ಮನೆ ಬಾಗಿಲಿನದು. ಬೀದರ್, ಆಳಂದ, ಅಫಜಲಪುರ ಕಡೆ ಕಬ್ಬು ಬೆಳೆಯುತ್ತಾರೆ. ತೊಗರಿ ಮಳೆ ನೆಚ್ಚಿ ಬರುವ ಬೆಳೆ, ಕಬ್ಬಿಗೆ ವರ್ಷವಿಡೀ ನೀರು. ಆ ನೀರು ಎತ್ತಲು ಡೀಸೆಲ್ ಇಂಜಿನ್ ಇಟ್ಟರೆ, ಪೆಟ್ರೋಲ್ ಉಳಿಸಲು ಡೀಸೆಲ್ ಸುಟ್ಟಂತೆ. ಕಾಕಾಗೆ ಇದನ್ನು ಹೇಳಿದೆ. ‘ಲೆಕ್ಕ ಖರೆ ಅದ, ಆದ್ರ ತೊಗರಿ ರೇಟು ನೀ ಕೊಡ್ತೀ ಏನು?’ ಅಂದರು.

ಬರೆಯುವಾಗ

ಎರಡನೇ ಸಲ ನಾನು ಪ್ರಬಂಧವನ್ನು ಡೀಸೆಲ್‌ನಿಂದ ಶುರು ಮಾಡಿದೆ. ಯಾವ ಇಂಧನ ಯಾವ ಕೆಲಸಕ್ಕೆ ಅಂತ ಮೊದಲು ಬಿಡಿಸಿದೆ. ರೈಲು, ಪಂಪು, ಸ್ಕೂಟರ್ ಕರೆಂಟಿಗೆ ಬರಬಲ್ಲವು, ವಿಮಾನ ಮತ್ತು ಡಾಂಬರಿಗೆ ಎಣ್ಣೆ ಇನ್ನೂ ಬೇಕು. ಆ ಉಳಿದ ಪಾಲಿಗೆ ನಮ್ಮ ಬಾವಿಗಳನ್ನು ಬತ್ತದಂತೆ ನೋಡಿಕೊಳ್ಳಬೇಕು ಅಂತ ಕೊರೆಯುವ ವಾದವನ್ನು ಅಲ್ಲಿಗೆ ಸೇರಿಸಿದೆ. ಸರ್ ಈ ಸಲ ಅಂಚಿನಲ್ಲಿ ಬರೆದದ್ದು: ‘ಅಡುಗೆ ಗ್ಯಾಸ್ ಬಿಟ್ಟಿದ್ದೀಯ.’